ಒಂದೇ ಛಾವಣಿಯಡಿ ಹಲವು ಶಾಲೆಗಳು: ಅಮೆರಿಕಾದ ಸರಕಾರಿ ಹೈಸ್ಕೂಲಿನಲ್ಲಿ ವಿಭಾಗದ ಆಯ್ಕೆ

ಕರಾವಳಿಯ ಅನೇಕ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಇಂದು ಅಮೆರಿಕಾದಲ್ಲಿ ಕಲಿಯುತ್ತಿದ್ದಾರೆ. ಕೆಲಸದ ನಿಮಿತ್ತ ಹೆತ್ತವರು ಅಲ್ಲಿಗೆ ತೆರಳುವಾಗ ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳೂ ಜೊತೆಗೆ ಹೋಗುತ್ತಾರೆ. ಅಲ್ಲಿ ಸೇರಿದ ಕೆಲವೇ ತಿಂಗಳಲ್ಲಿ ಶಾಲೆಯಿಂದ ಒಂದು ಅರ್ಜಿ ನಮೂನೆ ಬರುತ್ತದೆ. ಒಂದೇ ಹೈಸ್ಕೂಲಿನೊಳಗೆ ನಾಲ್ಕೈದು ವಿಭಾಗಗಳು, 'ಅಕಾಡೆಮಿ'ಗಳು, ಕಿರು ಶಾಲೆಗಳು ಇವೆ, ನಿಮ್ಮ ಇಷ್ಟದ ಕ್ರಮದಲ್ಲಿ ಅಂಕೆ ಹಾಕಿ ಕೊಡಿ ಎಂದು ಅದರಲ್ಲಿ ಬರೆದಿರುತ್ತದೆ. ನಮ್ಮ ಊರಿನಲ್ಲಿ ಇಂತಹ ಪದ್ಧತಿ ಇಲ್ಲದ ಕಾರಣ ಹೆತ್ತವರು ಗೊಂದಲಕ್ಕೆ ಒಳಗಾಗುವುದು ಸಹಜ. ಯಾವುದು ಒಳ್ಳೆಯದು? ತಪ್ಪು ಆರಿಸಿದರೆ ಮಗುವಿನ ಭವಿಷ್ಯ ಹಾಳಾದೀತೇ?

ಈ ಪ್ರಶ್ನೆಗೆ ಉತ್ತರ ಹುಡುಕುವವರಿಗೂ, ಇಂತಹ ಕುಟುಂಬಗಳಿಗೆ ಸಲಹೆ ನೀಡಬೇಕಾಗಿ ಬರುವ ಧರ್ಮಗುರುಗಳು, ಶಿಕ್ಷಕರು, ಪಾಲನಾ ಮಂಡಳಿಯ ಸದಸ್ಯರಿಗೂ ನೆರವಾಗಲೆಂದು ಈ ಮಾಹಿತಿಯನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ. ನಾವು ಹೇಳಬೇಕಾದ ಮುಖ್ಯ ಮಾತು ಇಷ್ಟೇ: ವಿಭಾಗದ ಹೆಸರಿಗಿಂತ ಎರಡು ವಿಷಯಗಳು ದೊಡ್ಡವು. ಮಗುವನ್ನು ಹೆಸರು ಹಿಡಿದು ಬಲ್ಲ ಶಿಕ್ಷಕರು ಅಲ್ಲಿ ಇದ್ದಾರೆಯೇ? ಆ ದಾರಿಯಲ್ಲಿ ಹೋದರೆ ಮುಂದಿನ ಯಾವುದಾದರೂ ಬಾಗಿಲು ಮುಚ್ಚಿಕೊಳ್ಳುತ್ತದೆಯೇ?

ಪಬ್ಲಿಕ್ ಹೈಸ್ಕೂಲ್ ಎಂದರೇನು?

ಮೊದಲಿಗೆ ಒಂದು ಶಬ್ದದ ಗೊಂದಲವನ್ನು ನಿವಾರಿಸೋಣ. ನಮ್ಮಲ್ಲಿ ಬೋರ್ಡಿನ ಮೇಲೆ 'ಪಬ್ಲಿಕ್ ಸ್ಕೂಲ್' ಎಂದು ಬರೆದಿದ್ದರೆ ಅದು ಹೆಚ್ಚಾಗಿ ಶುಲ್ಕ ಕಟ್ಟಬೇಕಾದ ಖಾಸಗಿ ಶಾಲೆ. ಅಮೆರಿಕಾದಲ್ಲಿ ಪಬ್ಲಿಕ್ ಸ್ಕೂಲ್ ಎಂದರೆ ಜನರ ತೆರಿಗೆಯ ಹಣದಿಂದ ನಡೆಯುವ, ಬೋಧನಾ ಶುಲ್ಕವಿಲ್ಲದ ಸರಕಾರಿ ಶಾಲೆ. ಅದನ್ನು ನಡೆಸುವುದು ಸ್ಥಳೀಯ ಶಾಲಾ ಜಿಲ್ಲೆ. ನಾವು ವಾಸಿಸುವ ಮನೆಯ ವಿಳಾಸದ ಮೇಲೆ ಯಾವ ಶಾಲೆ ಎಂಬುದು ಸಾಮಾನ್ಯವಾಗಿ ತೀರ್ಮಾನವಾಗುತ್ತದೆ.

ಅಲ್ಲಿನ ಹೈಸ್ಕೂಲು ಹೆಚ್ಚಿನ ಕಡೆ ಒಂಬತ್ತರಿಂದ ಹನ್ನೆರಡನೆಯ ತರಗತಿಯ ತನಕ, ನಾಲ್ಕು ವರ್ಷ. ಅಂದರೆ ನಮ್ಮ ಪ್ರೌಢಶಾಲೆಯ ಕೊನೆಯ ಎರಡು ವರ್ಷ ಮತ್ತು ಪಿ.ಯು.ಸಿ.ಯ ಎರಡು ವರ್ಷ ಅಲ್ಲಿ ಒಂದೇ ಶಾಲೆಯಲ್ಲಿ ಸೇರಿಕೊಂಡಿವೆ. ನಡುವೆ ಎಸ್.ಎಸ್.ಎಲ್.ಸಿ.ಯಂತಹ ಸಾರ್ವಜನಿಕ ಪರೀಕ್ಷೆ ಇಲ್ಲ. ನಾಲ್ಕೂ ವರ್ಷಗಳ ಪ್ರತಿಯೊಂದು ಕೋರ್ಸಿನ ಗ್ರೇಡು ಅಂಕಪಟ್ಟಿಯಲ್ಲಿ ದಾಖಲಾಗುತ್ತಾ ಹೋಗುತ್ತದೆ. ಕಾಲೇಜುಗಳು ನೋಡುವುದು ಆ ದಾಖಲೆಯನ್ನು.

ಇಲ್ಲಿಯೇ ನಮ್ಮವರು ಸಾಮಾನ್ಯವಾಗಿ ತಪ್ಪು ತಿಳಿಯುವುದುಂಟು. ಅಲ್ಲಿ ಕಿರು ಶಾಲೆಯನ್ನು ಆರಿಸುವುದೆಂದರೆ ಪಿ.ಯು.ಸಿ.ಯಲ್ಲಿ ವಿಜ್ಞಾನ, ವಾಣಿಜ್ಯ, ಕಲಾ ವಿಭಾಗ ಆರಿಸಿದಂತೆ ಅಲ್ಲ. ನಮ್ಮಲ್ಲಿ ವಾಣಿಜ್ಯ ವಿಭಾಗ ತೆಗೆದುಕೊಂಡವನಿಗೆ ವೈದ್ಯಕೀಯದ ದಾರಿ ಬಹುಮಟ್ಟಿಗೆ ಅಲ್ಲಿಗೇ ಮುಚ್ಚಿದಂತೆ. ಅಲ್ಲಿ ಕಲೆಯ ಅಕಾಡೆಮಿಗೆ ಸೇರಿದ ಹುಡುಗಿಯೂ ಇಂಗ್ಲಿಷ್, ಗಣಿತ, ವಿಜ್ಞಾನ, ಇತಿಹಾಸಗಳನ್ನು ಕಲಿಯಲೇಬೇಕು. ಬೇಕಾದ ಕೋರ್ಸುಗಳನ್ನು ಪೂರೈಸಿದರೆ ಮುಂದೆ ಎಂಜಿನಿಯರಿಂಗ್ ಕೂಡ ಓದಬಹುದು. 'ಬೇಕಾದ ಕೋರ್ಸುಗಳನ್ನು ಪೂರೈಸಿದರೆ' ಎಂಬ ಆ ಮಾತಿನಲ್ಲಿಯೇ ಗುಟ್ಟು ಇದೆ. ಅದಕ್ಕೆ ಮುಂದೆ ಬರುತ್ತೇವೆ.

ಶಾಲೆಯೊಳಗೆ ಶಾಲೆ ಹುಟ್ಟಿದ ಬಗೆ

ಒಂದು ಕಾಲದಲ್ಲಿ ಅಮೆರಿಕಾದಲ್ಲಿ ದೊಡ್ಡ ಶಾಲೆಯೇ ಒಳ್ಳೆಯ ಶಾಲೆ ಎಂಬ ನಂಬಿಕೆ ಬಲವಾಗಿತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದ ಮಾಜಿ ಅಧ್ಯಕ್ಷ ಜೇಮ್ಸ್ ಕೊನಂಟ್ 1959ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕೊನೆಯ ತರಗತಿಯಲ್ಲಿ ಕನಿಷ್ಠ 100 ವಿದ್ಯಾರ್ಥಿಗಳಾದರೂ ಇಲ್ಲದ ಹೈಸ್ಕೂಲು ಎಲ್ಲಾ ವಿಷಯಗಳನ್ನು ಚೆನ್ನಾಗಿ ಕಲಿಸಲಾರದು ಎಂದು ವಾದಿಸಿದರು. ಸಣ್ಣ ಶಾಲೆಗಳು ಒಂದಾದವು. ನಗರಗಳಲ್ಲಿ ಎರಡು, ಮೂರು ಸಾವಿರ ಮಕ್ಕಳ ಹೈಸ್ಕೂಲುಗಳು ಸಾಮಾನ್ಯವಾದವು.

ದೊಡ್ಡ ಶಾಲೆಯಲ್ಲಿ ವಿಷಯಗಳು ಹೆಚ್ಚು, ಪ್ರಯೋಗಾಲಯ ದೊಡ್ಡದು, ಆಟದ ತಂಡಗಳು ಹಲವು. ಆದರೆ ಮಗು ಗುಂಪಿನಲ್ಲಿ ಕಳೆದುಹೋಗುತ್ತದೆ. ದಿನಕ್ಕೆ ಐದಾರು ತರಗತಿಗಳಿಗೆ ಪಾಠ ಮಾಡುವ ಶಿಕ್ಷಕನ ಕೈಯಲ್ಲಿ ನೂರಕ್ಕೂ ಮಿಕ್ಕಿ ಮಕ್ಕಳಿರುತ್ತಾರೆ. ಮನೆಯಲ್ಲಿ ತೊಂದರೆ ಇರುವ ಮಗು ನಾಲ್ಕು ದಿನ ಶಾಲೆಗೆ ಬಾರದಿದ್ದರೆ ಗಮನಿಸುವವರು ಯಾರು?

ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡವರಲ್ಲಿ ಇಬ್ಬರು ಪ್ರಮುಖರು. ಶಿಕ್ಷಕಿ ಡೆಬೊರಾ ಮೇಯರ್ 1974ರಲ್ಲಿ ನ್ಯೂಯಾರ್ಕಿನ ಬಡ ಜನರ ವಸತಿಯಾದ ಈಸ್ಟ್ ಹಾರ್ಲೆಮ್‌ನಲ್ಲಿ ಸಣ್ಣ ಸರಕಾರಿ ಶಾಲೆಯೊಂದನ್ನು ಆರಂಭಿಸಿದರು. 1985ರಲ್ಲಿ ಅದರ ಪ್ರೌಢಶಾಲಾ ವಿಭಾಗವೂ ತೆರೆಯಿತು. ಶಿಕ್ಷಣ ತಜ್ಞ ಟೆಡ್ ಸೈಜರ್ 1984ರಲ್ಲಿ ಹೈಸ್ಕೂಲುಗಳ ಕುರಿತು ಬರೆದ ಪುಸ್ತಕ ದೇಶದಾದ್ಯಂತ ಚರ್ಚೆಗೆ ಕಾರಣವಾಯಿತು. ಶಿಕ್ಷಕನಿಗೆ ತನ್ನ ವಿದ್ಯಾರ್ಥಿಗಳೆಲ್ಲರ ಪರಿಚಯವಿರಬೇಕು ಎಂಬುದು ಇಬ್ಬರ ಮಾತಿನ ತಿರುಳು. 1999ರಲ್ಲಿ ಕೊಲರಾಡೋ ರಾಜ್ಯದ ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ವಿದ್ಯಾರ್ಥಿಗಳೇ ಗುಂಡು ಹಾರಿಸಿ ಸಹಪಾಠಿಗಳನ್ನು ಕೊಂದ ಘಟನೆಯ ಬಳಿಕ, ದೊಡ್ಡ ಶಾಲೆಗಳಲ್ಲಿ ಮಕ್ಕಳ ಒಂಟಿತನದ ಚರ್ಚೆ ಇನ್ನಷ್ಟು ತೀವ್ರವಾಯಿತು. 2000ದಿಂದ ಕೇಂದ್ರ ಸರಕಾರವೂ, ಗೇಟ್ಸ್ ಫೌಂಡೇಶನ್ ಎಂಬ ದತ್ತಿ ಸಂಸ್ಥೆಯೂ ದೊಡ್ಡ ಹೈಸ್ಕೂಲುಗಳನ್ನು ಸಣ್ಣ ಘಟಕಗಳಾಗಿ ವಿಂಗಡಿಸಲು ಅಪಾರ ಹಣ ನೀಡಿದವು.

ಹೊಸ ಕಟ್ಟಡ ಕಟ್ಟುವುದು ದುಬಾರಿ. ಆದ್ದರಿಂದ ಹಳೆಯ ಕಟ್ಟಡದ ಒಳಗೇ ಕಿರು ಶಾಲೆಗಳು ಹುಟ್ಟಿಕೊಂಡವು.

ಎಷ್ಟು ಬಗೆ?

ಅರ್ಜಿ ನಮೂನೆಯಲ್ಲಿ ಬರುವ ಹೆಸರುಗಳು ಶಾಲೆಯಿಂದ ಶಾಲೆಗೆ ಬೇರೆ. ಆದರೆ ಅವುಗಳ ಹಿಂದಿನ ಬಗೆಗಳು ಕೆಲವೇ.

1. ಶಾಲೆಯೊಳಗಿನ ಶಾಲೆ: ಪ್ರಾಂಶುಪಾಲರು ಒಬ್ಬರೇ, ಕಟ್ಟಡವೂ ಒಂದೇ. ಆದರೆ ಇನ್ನೂರು, ಮುನ್ನೂರು ಮಕ್ಕಳಿಗೆ ಬೇರೆಯೇ ಒಂದು ಶಿಕ್ಷಕರ ತಂಡ. ಇಂಗ್ಲಿಷ್, ಇತಿಹಾಸದಂತಹ ಪಾಠಗಳು ತಂಡದೊಳಗೆ ನಡೆಯುತ್ತವೆ. ಆಟ, ಸಂಗೀತ, ಉನ್ನತ ಮಟ್ಟದ ಗಣಿತ, ವಿದೇಶಿ ಭಾಷೆ ಇತ್ಯಾದಿಗಳಿಗೆ ಎಲ್ಲಾ ವಿಭಾಗದ ಮಕ್ಕಳು ಒಟ್ಟು ಸೇರುತ್ತಾರೆ.

2. ಒಂದೇ ಕಟ್ಟಡದ ಸ್ವತಂತ್ರ ಶಾಲೆಗಳು: ಇಲ್ಲಿ ಪ್ರತಿಯೊಂದಕ್ಕೂ ತನ್ನದೇ ಪ್ರಾಂಶುಪಾಲರು, ತನ್ನದೇ ದಾಖಲಾತಿ. ನ್ಯೂಯಾರ್ಕಿನ ಜೂಲಿಯಾ ರಿಚ್‌ಮನ್ ಕಟ್ಟಡ ಇದಕ್ಕೆ ಪ್ರಸಿದ್ಧ ಉದಾಹರಣೆ. 1990ರ ದಶಕದಲ್ಲಿ ಅಲ್ಲಿದ್ದ ದೊಡ್ಡ ಹೈಸ್ಕೂಲನ್ನು ಮುಚ್ಚಿ ಹಲವು ಸಣ್ಣ ಶಾಲೆಗಳಿಗೆ ಜಾಗ ನೀಡಲಾಯಿತು.

3. ವೃತ್ತಿ ಅಕಾಡೆಮಿ: ಆರೋಗ್ಯ, ಕಂಪ್ಯೂಟರ್, ಮಾಧ್ಯಮ, ಎಂಜಿನಿಯರಿಂಗ್ ಮುಂತಾದ ಒಂದು ವೃತ್ತಿಕ್ಷೇತ್ರದ ಸುತ್ತ ಸಾಮಾನ್ಯ ಪಾಠಗಳನ್ನು ಜೋಡಿಸುವ ಕ್ರಮ. ಮೊದಲ ಅಕಾಡೆಮಿ 1969ರಲ್ಲಿ ಫಿಲಡೆಲ್ಫಿಯಾದ ಎಡಿಸನ್ ಹೈಸ್ಕೂಲಿನಲ್ಲಿ, ವಿದ್ಯುತ್ ಕ್ಷೇತ್ರದ ಕುರಿತು ಆರಂಭವಾಯಿತು. ಇದು ನಮ್ಮ ಐ.ಟಿ.ಐ.ಯಂತೆ ಅಲ್ಲ. ಇಲ್ಲಿ ಕಲಿತವರು ಕಾಲೇಜಿಗೂ ಹೋಗಬಹುದು. ಜೊತೆಗೆ ಸ್ಥಳೀಯ ಸಂಸ್ಥೆಗಳಲ್ಲಿ ಕೆಲಸದ ಅನುಭವ ದೊರೆಯುತ್ತದೆ.

4. ಐ.ಬಿ. ಕಾರ್ಯಕ್ರಮ: 1968ರಲ್ಲಿ ಜಿನೀವಾದಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಸಂಸ್ಥೆಯ ಎರಡು ವರ್ಷದ ಡಿಪ್ಲೊಮಾ. ಆರು ವಿಷಯಗಳು, 4,000 ಪದಗಳ ಮಿತಿಯೊಳಗಿನ ಒಂದು ದೀರ್ಘ ಪ್ರಬಂಧ, ಜ್ಞಾನದ ಸ್ವರೂಪದ ಕುರಿತ ಒಂದು ಪಾಠ, ಸೇವೆ ಹಾಗೂ ಸೃಜನಶೀಲ ಚಟುವಟಿಕೆ ಇದರಲ್ಲಿ ಸೇರಿವೆ. ಒಟ್ಟು 45 ಅಂಕಗಳಿಗೆ ಮೌಲ್ಯಮಾಪನ.

5. ಎ.ಪಿ. ಕೋರ್ಸುಗಳು: ಇವು ಪ್ರತ್ಯೇಕ ವಿಭಾಗವಲ್ಲ, ಕಾಲೇಜು ಮಟ್ಟದ ಬಿಡಿ ಕೋರ್ಸುಗಳು. ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರ ತನಕ ಅಂಕ. ಮಗುವಿಗೆ ಬೇಕಾದ ಒಂದೆರಡನ್ನು ಮಾತ್ರವೂ ತೆಗೆದುಕೊಳ್ಳಬಹುದು. ಐ.ಬಿ. ಡಿಪ್ಲೊಮಾ ಪೂರ್ಣ ಊಟವಾದರೆ ಎ.ಪಿ. ಬೇಕಾದ್ದನ್ನು ಬಡಿಸಿಕೊಳ್ಳುವ ಕ್ರಮ.

ಬರ್ಕ್ಲಿ ಹೈಸ್ಕೂಲಿನ ಉದಾಹರಣೆ

ಈ ಪದ್ಧತಿಯ ಒಳಿತು ಕೆಡುಕು ಎರಡನ್ನೂ ನೋಡಲು ಕ್ಯಾಲಿಫೋರ್ನಿಯಾದ ಬರ್ಕ್ಲಿ ಹೈಸ್ಕೂಲು ಉತ್ತಮ ಉದಾಹರಣೆ. ಸಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಡದಲ್ಲಿರುವ, ಪ್ರಸಿದ್ಧ ವಿಶ್ವವಿದ್ಯಾಲಯವಿರುವ ಈ ನಗರದ ಶಾಲಾ ಜಿಲ್ಲೆಗೆ ಇರುವುದು ಇದೊಂದೇ ದೊಡ್ಡ ಹೈಸ್ಕೂಲು. ಮೂರು ಸಾವಿರಕ್ಕೂ ಮಿಕ್ಕಿ ಮಕ್ಕಳು ಅಲ್ಲಿ ಕಲಿಯುತ್ತಾರೆ. ಪ್ರೊಫೆಸರರ ಮಕ್ಕಳೂ, ದಿನಗೂಲಿಯವರ ಮಕ್ಕಳೂ, ಬಿಳಿಯರೂ, ಕರಿಯರೂ, ಮೆಕ್ಸಿಕೋ ಮೂಲದವರೂ, ಏಷ್ಯಾದವರೂ ಒಂದೇ ಗೇಟಿನಿಂದ ಒಳಗೆ ಹೋಗುತ್ತಾರೆ.

ಆದರೆ ಒಂದೇ ಗೇಟು ಎಂದ ಮಾತ್ರಕ್ಕೆ ಒಂದೇ ಶಾಲೆ ಎಂದಾಗುವುದಿಲ್ಲ. ಬರ್ಕ್ಲಿ ನಗರವು 1968ರಲ್ಲಿಯೇ ತನ್ನ ಪ್ರಾಥಮಿಕ ಶಾಲೆಗಳಲ್ಲಿ ಬಿಳಿಯ ಮತ್ತು ಕರಿಯ ಮಕ್ಕಳನ್ನು ಬಸ್ಸುಗಳ ಮೂಲಕ ಸ್ವಇಚ್ಛೆಯಿಂದ ಒಟ್ಟುಗೂಡಿಸಿ ಹೆಸರು ಪಡೆದಿತ್ತು. ಆದರೂ 1994ರಲ್ಲಿ ಈ ಹೈಸ್ಕೂಲಿನ ಕುರಿತು ಪ್ರಸಾರವಾದ 'ಸ್ಕೂಲ್ ಕಲರ್ಸ್' ಎಂಬ ಸಾಕ್ಷ್ಯಚಿತ್ರವು, ಒಂದೇ ಅಂಗಳದಲ್ಲಿ ಮಕ್ಕಳು ಬಣ್ಣಕ್ಕೆ ತಕ್ಕಂತೆ ಬೇರೆ ಬೇರೆ ಗುಂಪುಗಳಾಗಿ ನಿಲ್ಲುವುದನ್ನೂ, ತರಗತಿಗಳೂ ಹಾಗೆಯೇ ಒಡೆದಿರುವುದನ್ನೂ ದೇಶಕ್ಕೆ ತೋರಿಸಿತು.

ಬಳಿಕ ಅಲ್ಲಿ ಕಿರು ಶಾಲೆಗಳು ಒಂದೊಂದಾಗಿ ಬಂದವು. ಕೆಲವು ಹೆಸರು ಬದಲಿಸಿದವು, ಕೆಲವು ಮುಚ್ಚಿದವು. ಕೊನೆಗೆ ಉಳಿದ ಚೌಕಟ್ಟಿನಲ್ಲಿ ಐದು ವಿಭಾಗಗಳು. 'ಅಕಾಡೆಮಿಕ್ ಚಾಯ್ಸ್' ಮತ್ತು ಐ.ಬಿ. ಕಾರ್ಯಕ್ರಮವಿರುವ 'ಬರ್ಕ್ಲಿ ಇಂಟರ್‌ನ್ಯಾಷನಲ್ ಹೈಸ್ಕೂಲ್' ಎಂಬ ಎರಡು ದೊಡ್ಡವು. ಮಾಧ್ಯಮ ಮತ್ತು ಸಾಮಾಜಿಕ ನ್ಯಾಯಕ್ಕೆ ಒತ್ತು ನೀಡುವ 'ಕಮ್ಯುನಿಕೇಷನ್ ಆರ್ಟ್ಸ್ ಆ್ಯಂಡ್ ಸೈನ್ಸಸ್', ಕಲೆಗೆ ಒತ್ತು ನೀಡುವ 'ಆರ್ಟ್ಸ್ ಆ್ಯಂಡ್ ಹ್ಯುಮ್ಯಾನಿಟೀಸ್ ಅಕಾಡೆಮಿ', ಆರೋಗ್ಯ ಸೇವೆಗೆ ಒತ್ತು ನೀಡುವ 'ಅಕಾಡೆಮಿ ಆಫ್ ಮೆಡಿಸಿನ್ ಆ್ಯಂಡ್ ಪಬ್ಲಿಕ್ ಸರ್ವಿಸ್' ಎಂಬ ಮೂರು ಸಣ್ಣವು.

ಮೊದಲು ಎಂಟನೆಯ ತರಗತಿಯಲ್ಲಿರುವಾಗಲೇ ಆಯ್ಕೆ ಮಾಡಬೇಕಿತ್ತು. ಹೈಸ್ಕೂಲಿನ ಬಾಗಿಲು ಕೂಡ ನೋಡದ ಹದಿಮೂರು ವರ್ಷದ ಮಗು ಹೇಗೆ ಆರಿಸೀತು? ಆರಿಸುವುದು ಹೆತ್ತವರು. ಮಾಹಿತಿ ಸಭೆಗಳಿಗೆ ಹೋಗಲು ಬಿಡುವಿರುವ, ನಾಲ್ಕು ಜನರನ್ನು ವಿಚಾರಿಸಲು ಬಲ್ಲ ಹೆತ್ತವರ ಮಕ್ಕಳು ಒಂದು ಕಡೆ, ರಾತ್ರಿ ಪಾಳಿಯಲ್ಲಿ ದುಡಿಯುವವರ ಮಕ್ಕಳು ಇನ್ನೊಂದು ಕಡೆ ಆಗುವ ಅಪಾಯ ಇದ್ದೇ ಇತ್ತು. ಇದನ್ನು ತಡೆಯಲು ಶಾಲೆ ಎರಡು ಕ್ರಮಗಳನ್ನು ಅವಲಂಬಿಸಿದೆ. ಒಂದು, ಪ್ರವೇಶ ಅಂಕದ ಮೇಲಲ್ಲ, ಚೀಟಿ ಎತ್ತುವ ಮೂಲಕ. ಅದೂ ಪ್ರತಿಯೊಂದು ವಿಭಾಗದಲ್ಲಿಯೂ ಎಲ್ಲಾ ಬಗೆಯ ಮಕ್ಕಳು ಇರುವಂತೆ ನೋಡಿಕೊಂಡು. ಎರಡು, 2018ರಿಂದ ಒಂಬತ್ತನೆಯ ತರಗತಿಯನ್ನು ಎಲ್ಲರಿಗೂ ಸಮಾನವಾಗಿ ಮಾಡಲಾಯಿತು. ಮೊದಲ ವರ್ಷ ಎಲ್ಲಾ ಮಕ್ಕಳು ಬೆರೆತು ಸಣ್ಣ ತಂಡಗಳಲ್ಲಿ ಕಲಿಯುತ್ತಾರೆ. ಶಾಲೆಯನ್ನು ಒಳಗಿನಿಂದ ಕಂಡ ಬಳಿಕ ಹತ್ತನೆಯ ತರಗತಿಗೆ ವಿಭಾಗಗಳನ್ನು ಇಷ್ಟದ ಕ್ರಮದಲ್ಲಿ ಬರೆದು ಕೊಡುತ್ತಾರೆ.

ಆಯ್ಕೆಯನ್ನು ಒಂದು ವರ್ಷ ಮುಂದೂಡಿದ್ದು ಸಣ್ಣ ಸಂಗತಿಯಂತೆ ಕಾಣಬಹುದು. ಆದರೆ ಮಗು ತಾನೇ ಕಂಡು, ಕೇಳಿ ಆರಿಸುವ ಅವಕಾಶ ಅದರಿಂದ ದೊರೆಯಿತು.

ಅಧ್ಯಯನಗಳು ಏನು ಹೇಳುತ್ತವೆ?

ಕಿರು ಶಾಲೆ ಎಂದರೆ ಒಳ್ಳೆಯ ಶಾಲೆ ಎಂದು ಕಣ್ಣು ಮುಚ್ಚಿ ನಂಬುವಂತಿಲ್ಲ. ಕಳೆದ ಎರಡು ದಶಕಗಳ ಅನುಭವ ಮಿಶ್ರವಾಗಿದೆ.

ಡೆನ್ವರ್ ನಗರದ ಮ್ಯಾನುವಲ್ ಹೈಸ್ಕೂಲನ್ನು 2001ರಲ್ಲಿ ಮೂರು ಕಿರು ಶಾಲೆಗಳಾಗಿ ಒಡೆಯಲಾಯಿತು. ಮಕ್ಕಳು ಬಿಟ್ಟು ಹೋದರು, ಫಲಿತಾಂಶ ಏರಲಿಲ್ಲ. 2006ರಲ್ಲಿ ಶಾಲೆಯನ್ನೇ ಮುಚ್ಚಬೇಕಾಯಿತು. ಮರುವರ್ಷ ಅದು ಹೊಸದಾಗಿ ತೆರೆಯಿತು. 2009ರಲ್ಲಿ ಬಿಲ್ ಗೇಟ್ಸ್ ಅವರು ತಮ್ಮ ವಾರ್ಷಿಕ ಪತ್ರದಲ್ಲಿ, ತಮ್ಮ ಸಂಸ್ಥೆ ಹಣ ಹೂಡಿದ ಕಿರು ಶಾಲೆಗಳಲ್ಲಿ ಅನೇಕವು ಮಕ್ಕಳ ಕಲಿಕೆಯನ್ನು ಗಮನಾರ್ಹವಾಗಿ ಉತ್ತಮಪಡಿಸಲಿಲ್ಲ ಎಂದು ಒಪ್ಪಿಕೊಂಡರು. ಶಾಲೆಯ ಗಾತ್ರವನ್ನು ಬದಲಿಸಿ, ಪಾಠ ಮಾಡುವ ರೀತಿಯನ್ನು ಹಾಗೆಯೇ ಬಿಟ್ಟರೆ ಹೆಚ್ಚಿನ ಪ್ರಯೋಜನವಿಲ್ಲ ಎಂಬುದು ಇದರಿಂದ ಕಲಿಯಬೇಕಾದ ಪಾಠ.

ಇನ್ನೊಂದು ಮುಖವೂ ಇದೆ. ನ್ಯೂಯಾರ್ಕ್ ನಗರವು 2002ರಿಂದ 2008ರ ನಡುವೆ, ಸೋತ ದೊಡ್ಡ ಹೈಸ್ಕೂಲುಗಳನ್ನು ಮುಚ್ಚಿ ನೂರಾರು ಸಣ್ಣ ಶಾಲೆಗಳನ್ನು ತೆರೆಯಿತು. ಅರ್ಜಿಗಳು ಜಾಗಕ್ಕಿಂತ ಹೆಚ್ಚು ಬಂದಾಗ ಚೀಟಿಯ ಮೂಲಕ ಪ್ರವೇಶ ನೀಡಲಾಗುತ್ತಿತ್ತು. ಹೀಗಾಗಿ ಚೀಟಿ ಗೆದ್ದ ಮತ್ತು ಸೋತ ಮಕ್ಕಳನ್ನು ಹೋಲಿಸಲು ಸಂಶೋಧಕರಿಗೆ ಸಾಧ್ಯವಾಯಿತು. ಎಂ.ಡಿ.ಆರ್.ಸಿ. ಎಂಬ ಸಂಶೋಧನಾ ಸಂಸ್ಥೆ 2010ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸಣ್ಣ ಶಾಲೆಗೆ ಸೇರಿದವರಲ್ಲಿ ಶೇ. 68.7 ಮಂದಿ ನಾಲ್ಕು ವರ್ಷದಲ್ಲಿ ಹೈಸ್ಕೂಲು ಮುಗಿಸಿದರೆ, ಉಳಿದವರಲ್ಲಿ ಶೇ. 61.9 ಮಂದಿ ಮುಗಿಸಿದರು. ಬಡ ಮಕ್ಕಳೇ ಹೆಚ್ಚಿದ್ದ ಶಾಲೆಗಳಲ್ಲಿ ಇದು ಸಣ್ಣ ಅಂತರವಲ್ಲ.

ವೃತ್ತಿ ಅಕಾಡೆಮಿಗಳ ಕುರಿತ ಅದೇ ಸಂಸ್ಥೆಯ 2008ರ ವರದಿ ಇನ್ನೂ ಕುತೂಹಲಕರ. ಹೈಸ್ಕೂಲು ಮುಗಿದು ಎಂಟು ವರ್ಷಗಳ ಬಳಿಕವೂ ಅಕಾಡೆಮಿಯಲ್ಲಿ ಕಲಿತವರ ಸಂಪಾದನೆ ಉಳಿದವರಿಗಿಂತ ವರ್ಷಕ್ಕೆ ಸರಾಸರಿ ಶೇ. 11 ಹೆಚ್ಚಿತ್ತು, ಈ ಲಾಭ ಮುಖ್ಯವಾಗಿ ಹುಡುಗರಲ್ಲಿ ಕಂಡುಬಂತು. ಆದರೆ ಕಾಲೇಜು ಪದವಿಯ ವಿಷಯದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಅಂದರೆ ಅಕಾಡೆಮಿ ಕಾಲೇಜಿನ ದಾರಿಯನ್ನು ಮುಚ್ಚಲೂ ಇಲ್ಲ, ಅಗಲಗೊಳಿಸಲೂ ಇಲ್ಲ. ವೃತ್ತಿ ಶಿಕ್ಷಣವೆಂದರೆ ಕೀಳು ಎಂದು ಭಾವಿಸುವ ನಮ್ಮ ಹೆತ್ತವರು ಈ ಮಾತನ್ನು ಗಮನಿಸಬೇಕು.

ಮೂರನೆಯ ಅಧ್ಯಯನ ಎಚ್ಚರಿಕೆಯ ಗಂಟೆಯಂತಿದೆ. ವ್ಯಾಲರಿ ಲೀ ಮತ್ತು ಡಗ್ಲಸ್ ರೆಡಿ ಎಂಬ ಸಂಶೋಧಕರು ಪೂರ್ತಿಯಾಗಿ ಕಿರು ಶಾಲೆಗಳಾಗಿ ವಿಂಗಡಿಸಲ್ಪಟ್ಟ ಐದು ಹೈಸ್ಕೂಲುಗಳನ್ನು ಅಭ್ಯಸಿಸಿ 2007ರಲ್ಲಿ ಪುಸ್ತಕ ಪ್ರಕಟಿಸಿದರು. ಮಕ್ಕಳಿಗೆ ಮುಕ್ತ ಆಯ್ಕೆ ನೀಡಿದಲ್ಲಿ, ಕಾಲಕ್ರಮೇಣ ಒಂದು ಘಟಕ 'ಜಾಣರದ್ದು', ಇನ್ನೊಂದು 'ದಡ್ಡರದ್ದು' ಎಂದು ಹೆಸರು ಪಡೆಯಿತು. ಯಾರೂ ಹಾಗೆ ಉದ್ದೇಶಿಸಿರಲಿಲ್ಲ. ಆದರೂ ಗೆಳೆಯರ ಮಾತು, ಹೆತ್ತವರ ಪಿಸುಮಾತು ಸೇರಿ ಮಕ್ಕಳನ್ನು ಬೇರ್ಪಡಿಸಿತು.

ಎಲ್ಲಾ ಮಕ್ಕಳಿಗೂ ಸೇರಿದ ಸರಕಾರಿ ಶಾಲೆಯಲ್ಲಿ ಹೀಗೆ ನಡೆದರೆ ಅದು ಕೇವಲ ಆಡಳಿತದ ಲೋಪವಲ್ಲ, ನ್ಯಾಯದ ಪ್ರಶ್ನೆ. ಮಾಹಿತಿ ಇದ್ದವನಿಗೆ ಮಾತ್ರ ಆಯ್ಕೆ ಇದೆ. ಮಾಹಿತಿ ಇಲ್ಲದವನಿಗೆ ಉಳಿದದ್ದು ಸಿಗುತ್ತದೆ. ಹೊಸದಾಗಿ ಆ ದೇಶಕ್ಕೆ ಹೋದ ನಮ್ಮವರು, ಎಷ್ಟೇ ಓದಿದವರಾದರೂ, ಈ ವಿಷಯದಲ್ಲಿ ಮಾಹಿತಿ ಇಲ್ಲದವರ ಸಾಲಿನಲ್ಲಿಯೇ ನಿಂತಿರುತ್ತಾರೆ.

ಅಂಕೆ ಹಾಕುವುದು ಹೇಗೆ?

ಇಷ್ಟದ ಕ್ರಮದಲ್ಲಿ ಬರೆಯುವಾಗ ಅನೇಕರು ಲೆಕ್ಕಾಚಾರ ಹಾಕುತ್ತಾರೆ. 'ಮೊದಲನೆಯದಕ್ಕೆ ಭಾರೀ ಪೈಪೋಟಿ ಇದೆ, ಅದನ್ನು ಬರೆದು ಸಿಗದಿದ್ದರೆ ಎರಡನೆಯದೂ ಕೈತಪ್ಪೀತು' ಎಂಬ ಭಯ. ಈ ಭಯ ಸರಿಯೇ ಎಂಬುದು ಸೀಟು ಹಂಚುವ ನಿಯಮದ ಮೇಲೆ ನಿಂತಿದೆ.

ನ್ಯೂಯಾರ್ಕಿನ ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ ಸುಮಾರು 30,000 ಮಕ್ಕಳು ತಾವು ಬರೆಯದೇ ಇದ್ದ ಶಾಲೆಗೆ ಹೋಗಬೇಕಾಗುತ್ತಿತ್ತು. ಅರ್ಥಶಾಸ್ತ್ರಜ್ಞ ಆಲ್ವಿನ್ ರಾತ್ ಮತ್ತು ಸಂಗಡಿಗರು ರೂಪಿಸಿದ ಹೊಸ ಪದ್ಧತಿ 2003-04ರಲ್ಲಿ ಜಾರಿಗೆ ಬಂದಾಗ, ಮೊದಲ ವರ್ಷವೇ ಆ ಸಂಖ್ಯೆ ಸುಮಾರು 3,000ಕ್ಕೆ ಇಳಿಯಿತು. ಇಂತಹ ಹಂಚಿಕೆಯ ಅಧ್ಯಯನಕ್ಕಾಗಿ ರಾತ್ ಅವರಿಗೆ 2012ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಈ ಪದ್ಧತಿಯ ವಿಶೇಷವೇನೆಂದರೆ, ಮೊದಲ ಆಯ್ಕೆ ಸಿಗದಿದ್ದರೂ ಎರಡನೆಯ ಆಯ್ಕೆಯಲ್ಲಿ ನಿಮ್ಮ ಸ್ಥಾನ ಕುಗ್ಗುವುದಿಲ್ಲ. ಆದ್ದರಿಂದ ಮನಸ್ಸಿನಲ್ಲಿರುವುದನ್ನು ಹಾಗೆಯೇ ಬರೆಯುವುದು ಕ್ಷೇಮ. ಬಾಸ್ಟನ್ ನಗರದಲ್ಲಿ 2005ರ ತನಕ ಇದ್ದ ಪದ್ಧತಿ ಹಾಗಿರಲಿಲ್ಲ. ಅಲ್ಲಿ ಎರಡನೆಯದಾಗಿ ಬರೆದ ಶಾಲೆ, ಅದನ್ನೇ ಮೊದಲು ಬರೆದವರಿಂದಲೇ ತುಂಬಿಹೋಗುತ್ತಿತ್ತು.

ಆದ್ದರಿಂದ ಶಾಲೆಯ ಕಚೇರಿಯಲ್ಲಿ ನೇರವಾಗಿ ಕೇಳಿ: 'ಮೊದಲ ಆಯ್ಕೆ ಸಿಗದಿದ್ದರೆ, ಎರಡನೆಯದರಲ್ಲಿ ನನ್ನ ಮಗುವಿಗೆ ಉಳಿದವರಷ್ಟೇ ಅವಕಾಶ ಇದೆಯೇ?'

ಹೆತ್ತವರು ಕೇಳಬೇಕಾದ ಪ್ರಶ್ನೆಗಳು

1. ಈ ವಿಭಾಗದಿಂದ ವಿಶ್ವವಿದ್ಯಾಲಯದ ಬಾಗಿಲು ತೆರೆದಿರುತ್ತದೆಯೇ? ಕ್ಯಾಲಿಫೋರ್ನಿಯಾದ ಎರಡೂ ಸರಕಾರಿ ವಿಶ್ವವಿದ್ಯಾಲಯ ವ್ಯವಸ್ಥೆಗಳು ಹೈಸ್ಕೂಲಿನಲ್ಲಿ 15 ವಾರ್ಷಿಕ ಕೋರ್ಸುಗಳನ್ನು ಕೇಳುತ್ತವೆ: ಇತಿಹಾಸ 2, ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಇಂಗ್ಲಿಷೇತರ ಭಾಷೆ 2, ಕಲೆ 1, ಐಚ್ಛಿಕ 1. ಇವು ಕನಿಷ್ಠ ಮಿತಿ. ಎಂಜಿನಿಯರಿಂಗ್, ವೈದ್ಯಕೀಯದ ಕಡೆಗೆ ನೋಡುವವರು ಗಣಿತ, ವಿಜ್ಞಾನವನ್ನು ಇದಕ್ಕಿಂತ ಹೆಚ್ಚು ಕಲಿಯುವುದು ಒಳಿತು. ಈ ಕೋರ್ಸುಗಳಲ್ಲಿ 'ಸಿ' ಅಥವಾ ಮೇಲಿನ ಗ್ರೇಡು ಬೇಕು. ಹೈಸ್ಕೂಲು ಪಾಸಾಗಲು 'ಡಿ' ಸಾಕಾಗುವ ಕಡೆಗಳಲ್ಲಿ, ಮಗು ಪಾಸಾಗಿಯೂ ವಿಶ್ವವಿದ್ಯಾಲಯಕ್ಕೆ ಅನರ್ಹವಾಗುವ ಸಾಧ್ಯತೆ ಇದೆ. ಇದು ನಾಲ್ಕನೆಯ ವರ್ಷದಲ್ಲಿ ತಿಳಿದು ಪ್ರಯೋಜನವಿಲ್ಲ, ಮೊದಲ ವರ್ಷವೇ ತಿಳಿದಿರಬೇಕು.

2. ಉನ್ನತ ಗಣಿತ ಮತ್ತು ವಿಜ್ಞಾನದ ತರಗತಿಗಳು ಈ ವಿಭಾಗದ ಮಕ್ಕಳಿಗೂ ಸಿಗುತ್ತವೆಯೇ? ಕಾಗದದ ಮೇಲೆ 'ಸಿಗುತ್ತವೆ' ಎಂದಿರುತ್ತದೆ. ಆದರೆ ವೇಳಾಪಟ್ಟಿಯಲ್ಲಿ ವಿಭಾಗದ ಪಾಠವೂ, ಉನ್ನತ ಗಣಿತವೂ ಒಂದೇ ಗಂಟೆಗೆ ಬಿದ್ದರೆ? ಕಳೆದ ವರ್ಷ ಈ ವಿಭಾಗದ ಎಷ್ಟು ಮಕ್ಕಳು ಆ ತರಗತಿ ತೆಗೆದುಕೊಂಡರು ಎಂದು ಕೇಳಿ.

3. ಶಿಕ್ಷಕರು ಎಷ್ಟು ವರ್ಷದಿಂದ ಇದ್ದಾರೆ? ಕಿರು ಶಾಲೆಯ ಜೀವಾಳವೇ ಶಿಕ್ಷಕರ ತಂಡ. ಇಬ್ಬರು ಉತ್ಸಾಹಿ ಶಿಕ್ಷಕರು ವರ್ಗವಾಗಿ ಹೋದರೆ ಹೆಸರು ಮಾತ್ರ ಉಳಿಯುತ್ತದೆ.

4. ಮಗುವಿಗೆ ತೊಂದರೆಯಾದರೆ ಮೊದಲು ಗಮನಿಸುವವರು ಯಾರು? ಒಬ್ಬ ವ್ಯಕ್ತಿಯ ಹೆಸರು ಹೇಳುವ ಶಾಲೆ ಒಳ್ಳೆಯದು. 'ನಮ್ಮಲ್ಲಿ ಅದಕ್ಕೆ ವ್ಯವಸ್ಥೆ ಇದೆ' ಎಂದಷ್ಟೇ ಹೇಳಿದರೆ ಇನ್ನೊಮ್ಮೆ ಕೇಳಿ.

5. ಹೊಂದದಿದ್ದರೆ ವಿಭಾಗ ಬದಲಾಯಿಸಬಹುದೇ? ಯಾವಾಗ, ಎಷ್ಟು ಬಾರಿ?

6. ಕಲಿಕೆಯಲ್ಲಿ ವಿಶೇಷ ನೆರವು ಬೇಕಾದ ಮಗುವಿಗೆ ಐ.ಇ.ಪಿ. ಎಂಬ ಲಿಖಿತ ಯೋಜನೆಯ ಹಕ್ಕು ಕಾನೂನಿನಲ್ಲಿದೆ. ಆ ನೆರವು ಈ ವಿಭಾಗದಲ್ಲಿ ಯಾರಿಂದ, ವಾರಕ್ಕೆ ಎಷ್ಟು ಹೊತ್ತು ಸಿಗುತ್ತದೆ?

7. ಕೊನೆಯದಾಗಿ, ಮಗುವನ್ನೇ ಕೇಳಿ. ಪಕ್ಕದ ಮನೆಯವರ ಮಗ ಐ.ಬಿ.ಗೆ ಸೇರಿದ ಎಂಬ ಕಾರಣಕ್ಕೆ ನಮ್ಮ ಮಗಳೂ ಸೇರಬೇಕೆಂದಿಲ್ಲ. ನಿದ್ದೆಗೆಟ್ಟು, ಅಳುತ್ತಾ ಪಡೆದ ಡಿಪ್ಲೊಮಾಕ್ಕಿಂತ ಸಂತೋಷದಿಂದ ಕಲಿತ ನಾಲ್ಕು ವರ್ಷ ಮೇಲು. ಹಾಗೆಂದು ಗೆಳತಿ ಇದ್ದಾಳೆ ಎಂಬ ಒಂದೇ ಕಾರಣಕ್ಕೆ ಮಗು ಆರಿಸಿದ್ದಾದರೆ, ತಾಳ್ಮೆಯಿಂದ ಕುಳಿತು ಮಾತನಾಡಬೇಕಾದುದು ಹೆತ್ತವರ ಕರ್ತವ್ಯ.

ಊರಿನಿಂದ ಹೋಗುವವರು ಗಮನಿಸಬೇಕಾದುದು

ಹೆತ್ತವರ ಉದ್ಯೋಗದ ವೀಸಾದ ಜೊತೆಗೆ ಅವಲಂಬಿತರಾಗಿ ಹೋದ ಮಕ್ಕಳಿಗೆ ಸರಕಾರಿ ಹೈಸ್ಕೂಲು ಉಚಿತ. ಆದರೆ ಮಗುವನ್ನು ವಿದ್ಯಾರ್ಥಿ ವೀಸಾದಲ್ಲಿ ಚಿಕ್ಕಮ್ಮನ ಅಥವಾ ಮಾವನ ಮನೆಗೆ ಕಳುಹಿಸಿ ನಾಲ್ಕು ವರ್ಷ ಸರಕಾರಿ ಶಾಲೆಯಲ್ಲಿ ಕಲಿಸುವೆವು ಎಂದು ಯೋಚಿಸುವವರು ತಿಳಿದಿರಲಿ: ಎಫ್-1 ವೀಸಾದಲ್ಲಿ ಸರಕಾರಿ ಹೈಸ್ಕೂಲಿನಲ್ಲಿ ಹೆಚ್ಚೆಂದರೆ 12 ತಿಂಗಳು ಕಲಿಯಬಹುದು. ಅದಕ್ಕೂ ಪೂರ್ಣ ವೆಚ್ಚ ಕಟ್ಟಬೇಕು.

ಹೊರಡುವ ಮುನ್ನ ಹಿಂದಿನ ವರ್ಷಗಳ ಅಂಕಪಟ್ಟಿ, ವರ್ಗಾವಣೆ ಪತ್ರ, ಜನನ ಪ್ರಮಾಣ ಪತ್ರ ಹಾಗೂ ಲಸಿಕೆಯ ಕಾರ್ಡು ಸಿದ್ಧವಿರಲಿ. ಲಸಿಕೆಯ ವಿಷಯದಲ್ಲಿ ಅಲ್ಲಿನ ಶಾಲೆಗಳು ಕಟ್ಟುನಿಟ್ಟು. ಒಂಬತ್ತನೆಯ ತರಗತಿಯನ್ನು ಇಲ್ಲಿ ಮುಗಿಸಿ ಹೋದ ಮಗುವಿನ ಅಂಕಗಳನ್ನು ಅಲ್ಲಿನ ದಾಖಲೆಯಲ್ಲಿ ಹೇಗೆ ಸೇರಿಸುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ. ಭಾಷೆಗೆ ಎರಡು ಕೋರ್ಸು ಬೇಕೆಂದೆವಷ್ಟೇ. ಇಲ್ಲಿ ಕಲಿತ ಕನ್ನಡ ಅಥವಾ ಹಿಂದಿಯನ್ನು ಅದಕ್ಕೆ ಪರಿಗಣಿಸುತ್ತಾರೆಯೇ ಎಂಬುದನ್ನೂ ಕೌನ್ಸೆಲರರಲ್ಲಿ ವಿಚಾರಿಸಿ.

ಸೇರುವಾಗ 'ಮನೆಯಲ್ಲಿ ಯಾವ ಭಾಷೆ ಮಾತನಾಡುತ್ತೀರಿ?' ಎಂದು ಕೇಳುವ ನಮೂನೆ ಇರುತ್ತದೆ. ಕೊಂಕಣಿ, ತುಳು ಅಥವಾ ಕನ್ನಡ ಎಂದು ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ನಡೆಸುತ್ತಾರೆ. ಇದು ಅವಮಾನವಲ್ಲ. ಸಾನ್ ಫ್ರಾನ್ಸಿಸ್ಕೋದ ಚೀನಿ ಮಕ್ಕಳ ಪರವಾಗಿ 1974ರಲ್ಲಿ ಬಂದ ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ, ಇಂಗ್ಲಿಷ್ ಬಾರದ ಮಕ್ಕಳಿಗೆ ನೆರವು ನೀಡುವುದು ಶಾಲೆಗಳ ಹೊಣೆಯಾಯಿತು. ಆ ಪರೀಕ್ಷೆ ಅದರ ಭಾಗ. ಚೆನ್ನಾಗಿ ಇಂಗ್ಲಿಷ್ ಬಲ್ಲ ಮಗು ಪರೀಕ್ಷೆ ಮುಗಿಸಿ ಸಾಮಾನ್ಯ ತರಗತಿಗೆ ಹೋಗುತ್ತದೆ. ಹೆದರಿ ಮನೆಮಾತನ್ನು ಮುಚ್ಚಿಡುವ ಅಗತ್ಯವಿಲ್ಲ.

ಸರಕಾರಿ ಶಾಲೆಯಲ್ಲಿ ಧಾರ್ಮಿಕ ಶಿಕ್ಷಣ ಇರುವುದಿಲ್ಲ. ಅದಕ್ಕೆ ಅಲ್ಲಿನ ಧರ್ಮಕೇಂದ್ರವನ್ನು ಸಂಪರ್ಕಿಸಬೇಕು. ಅಲ್ಲಿ ಪರಿಚಯವಾಗುವ ಹಿರಿಯ ಕುಟುಂಬಗಳು ಶಾಲೆಯ ವಿಷಯದಲ್ಲಿಯೂ ದಾರಿ ತೋರಬಲ್ಲವು.

ಕೊನೆಯ ಮಾತು

ಆಯ್ಕೆ ಎಂಬುದು ಒಳ್ಳೆಯದೇ. ಆದರೆ ಹತ್ತು ಹೆಸರುಗಳ ಪಟ್ಟಿಯನ್ನು ಕೈಗಿಟ್ಟ ಮಾತ್ರಕ್ಕೆ ಶಾಲೆಯ ಹೊಣೆ ಮುಗಿಯುವುದಿಲ್ಲ. ಪಟ್ಟಿಯಲ್ಲಿ ಕೊನೆಗೆ ಉಳಿದ ವಿಭಾಗಕ್ಕೆ ಸೇರಿದ ಮಗುವಿಗೂ ಒಳ್ಳೆಯ ಶಿಕ್ಷಕ, ಒಳ್ಳೆಯ ಗಣಿತ, ತೆರೆದ ಬಾಗಿಲು ದೊರೆತಾಗ ಮಾತ್ರ ಆ ಆಯ್ಕೆ ನ್ಯಾಯವಾದುದು. ಯಾವ ವಿಭಾಗ ಸಿಕ್ಕಿದರೂ ಮೊದಲ ತಿಂಗಳಲ್ಲಿಯೇ ಶಿಕ್ಷಕರನ್ನೂ, ಕೌನ್ಸೆಲರರನ್ನೂ ಭೇಟಿಯಾಗಿ ಪರಿಚಯ ಮಾಡಿಕೊಳ್ಳಿ. ನಾಲ್ಕು ವರ್ಷದ ಕೋರ್ಸುಗಳ ಯೋಜನೆಯನ್ನು ಬರೆದು ಇಟ್ಟುಕೊಂಡು ಪ್ರತಿ ವರ್ಷ ನೋಡಿ. ಇಷ್ಟು ಮಾಡಿದವರಿಗೆ ಮೊದಲ ಆಯ್ಕೆ ಸಿಗದಿದ್ದರೂ ಚಿಂತೆಯಿಲ್ಲ. ನೀವು ತಿಳಿದುಕೊಂಡುದನ್ನು ಹೊಸದಾಗಿ ಬಂದ ಇನ್ನೊಂದು ಕುಟುಂಬಕ್ಕೂ ತಿಳಿಸಿ. ಅವರು ನಮ್ಮ ಊರಿನವರೇ ಆಗಿರಬೇಕೆಂದಿಲ್ಲ.